ಹಿಕ್ಮೆತ್ ರಾಯರು ಮತ್ತು ನನ್ನ ಲೆಫ್ಟ್ ಬ್ಯಾಕು

ಪ್ರತಿಯೊಂದು ಅಡುಗೆಮನೆಯಲ್ಲೂ ಹೆಸರಿಲ್ಲದ ಒಂದು ಪಾತ್ರೆ ಇರುತ್ತದೆ. ಹಾಲಿನ ಪಾತ್ರೆ, ಸಾರಿನ ಪಾತ್ರೆ, ಇಡ್ಲಿಯ ತಟ್ಟೆ, ಇವಕ್ಕೆಲ್ಲ ಒಂದೊಂದು ಗುರುತು, ಕಪಾಟಿನಲ್ಲಿ ಒಂದೊಂದು ಜಾಗ. ಇದಕ್ಕೆ ಮಾತ್ರ ಎರಡೂ ಇಲ್ಲ. ಅಕ್ಕಿ ತೊಳೆಯಲು ಇದೇ, ಹಿಟ್ಟು ಕಲಸಲು ಇದೇ, ಇನ್ನೊಂದು ಪಾತ್ರೆಗೆ ಮುಚ್ಚಳ ಸಿಗದಿದ್ದರೆ ಕವುಚಿ ಹಾಕಲೂ ಇದೇ. ಇಷ್ಟು ಉಪಕಾರಿಯಾದ ಪಾತ್ರೆಯನ್ನು ಯಾರೂ ಹೊಗಳಿದ್ದನ್ನು ನಾನು ಕೇಳಿಲ್ಲ. ಅದು ಸಿಗದಿದ್ದ ದಿನ ಮಾತ್ರ ‘ಎಲ್ಲಿ ಹೋಯಿತು ಅದು’ ಎಂದು ಇಡೀ ಮನೆ ಹುಡುಕುತ್ತದೆ. ನಾನು ಮನುಷ್ಯರ ಪೈಕಿ ಆ ಪಾತ್ರೆ.

ಟೊರೊಂಟೊ ಸುತ್ತಮುತ್ತಲಿನ ನಮ್ಮ ಕನ್ನಡದವರ ಬಳಗದಲ್ಲಿ ಇದು ಎಲ್ಲರಿಗೂ ಗೊತ್ತಿರುವ ವಿಷಯ. ನಿರೂಪಕಿಗೆ ಗಂಟಲು ಕಟ್ಟಿತೆ? ಶಾಲಿನಿ ಇದ್ದಾಳೆ. ಕೋಸಂಬರಿ ತರಬೇಕಾದವರು ಹಿಮದಲ್ಲಿ ಸಿಕ್ಕಿಕೊಂಡರೆ? ಶಾಲಿನಿಗೆ ಒಂದು ಫೋನ್ ಹಾಕಿ. ನಾಟಕದಲ್ಲಿ ಮರವಾಗಿ ನಿಲ್ಲಬೇಕಾದ ಹುಡುಗಿ ಅತ್ತುಬಿಟ್ಟಳೆ? ಆ ವರ್ಷ ಮರವೂ ನಾನೇ ಆಗಿದ್ದೆ. ಕಾರ್ಯಕ್ರಮದ ಕೊನೆಯಲ್ಲಿ ಎಲ್ಲರ ಹೆಸರನ್ನೂ ಹೇಳಿ ವಂದಿಸುತ್ತಾರಲ್ಲ, ಅದರಲ್ಲಿ ‘ಹಾಗೂ ಸಹಕರಿಸಿದ ಎಲ್ಲರಿಗೂ’ ಎಂದು ಬರುವುದು ನಾನು. ಮಂಗಳೂರಿನ ಕಾನ್ವೆಂಟಿನಲ್ಲಿ ನಮ್ಮನ್ನು ಬೆಳೆಸಿದ ಸಿಸ್ಟರುಗಳು ‘ಪ್ಲೀಸ್’, ‘ಸಾರಿ’, ‘ಆಫ್ಟರ್ ಯೂ’ ಎಂಬ ಮೂರನ್ನೂ ರಕ್ತದಲ್ಲೇ ಬೆರೆಸಿ ಕಳಿಸಿದ್ದರು. ‘ನೋ’ ಎಂಬುದು ಬಹುಶಃ ಮುಂದಿನ ತರಗತಿಯ ಪಾಠವಿರಬೇಕು, ನಮಗೆ ಬರಲಿಲ್ಲ.

ಹೀಗಿರುವಾಗ ಗೀತಕ್ಕ ಹೆಂಗಸರ ಫುಟ್‌ಬಾಲ್ ತಂಡ ಕಟ್ಟಿದರು. ಗೀತಕ್ಕ ಧಾರವಾಡದವರು, ಬ್ರ್ಯಾಂಪ್ಟನ್ನಿನಲ್ಲಿ ಟ್ರಕ್ಕುಗಳಿಗೆ ದಾರಿ ಹೇಳುವ ಕೆಲಸ. ದಿನವಿಡೀ ಟ್ರಕ್ಕಿನವರ ಮೇಲೆ ಕೂಗಿ ಕೂಗಿ ಅವರಿಗೆ ಮೈಕು ಬೇಡವಾಗಿದೆ. ಬೇಸಿಗೆಯ ಪಿಕ್‌ನಿಕ್ಕಿನಲ್ಲಿ ಒಮ್ಮೆ ಎದ್ದು ನಿಂತು, “ಎಷ್ಟ್ ವರ್ಷಾಂತ ಚಮಚಾದಾಗ ಲಿಂಬಿಹಣ್ಣ ಇಟ್ಕೊಂಡ್ ಓಡೂದ್ರಿ? ಪಂಜಾಬಿ ಹೆಣ್ಮಕ್ಕಳು ಫುಟ್‌ಬಾಲ್ ಆಡ್ತಾರ. ನಮಗೇನ್ ಕಾಲಿಲ್ಲೇನು?” ಎಂದು ಕೇಳಿದರು. ಕಾಲಿದೆಯೆಂದು ಸಾಬೀತು ಮಾಡಲು ನಾವೆಲ್ಲ ಸೇರಿದೆವು. ಏಳು ಜನರ ಆಟ. ಆ ಪಂಜಾಬಿ ತಂಡದ ಜೊತೆ ಆಡಿದಾಗಲೆಲ್ಲ ನಾವು ಸೋತೆವು. ಎಷ್ಟು ಗೋಲುಗಳಿಂದ ಎಂದು ಕೇಳುವುದು ಸಭ್ಯತೆಯಲ್ಲ. ಆ ತಂಡದಲ್ಲಿ ನಾನು ಯಾವ ಜಾಗದಲ್ಲಿ ಆಡುತ್ತಿದ್ದೆ ಎಂದು ನೀವು ಕೇಳಬಹುದು. ಯಾರು ಬಂದಿಲ್ಲವೋ ಆ ಜಾಗದಲ್ಲಿ.

ಇದೆಲ್ಲ ಹೀಗೆಯೇ ನಡೆದುಕೊಂಡು ಹೋಗುತ್ತಿತ್ತೋ ಏನೋ, ಪಕ್ಕದ ಮನೆಗೆ ಹಿಕ್ಮೆತ್ ಬೇ ಬರದೇ ಇದ್ದಿದ್ದರೆ. ತುರ್ಕಿಯವರು. ‘ಬೇ’ ಎಂದರೆ ನಮ್ಮ ರಾಯರು ಇದ್ದ ಹಾಗೆ, ಹೆಸರಿನ ಕೊನೆಗೆ ಹಚ್ಚುವ ಮರ್ಯಾದೆ, ಹೆಂಗಸರಿಗಾದರೆ ‘ಹಾನಿಮ್’. ಆದ್ದರಿಂದ ನಾನು ಮನಸ್ಸಿನಲ್ಲಿ ಅವರನ್ನು ಹಿಕ್ಮೆತ್ ರಾಯರೆಂದೇ ಕರೆಯುತ್ತೇನೆ. ಎತ್ತರದ ಆಳು, ಬೆಳ್ಳಗಿನ ಮೀಸೆ, ಎರಡೂ ಮೊಣಕಾಲು ಹವಾಮಾನ ಇಲಾಖೆಗಿಂತ ಮೊದಲೇ ಮಳೆಯ ಸೂಚನೆ ಕೊಡುವಂಥವು. ಅವರ ಹೆಂಡತಿ ಸೆವಿಮ್, ಬಂದ ವಾರವೇ ದ್ರಾಕ್ಷಿ ಎಲೆಯಲ್ಲಿ ಅನ್ನ ಸುತ್ತಿ ಬೇಯಿಸಿದ ತಿಂಡಿ ಕೊಟ್ಟರು. ನಾನು ಪತ್ರೊಡೆ ಕೊಟ್ಟೆ. ಇಬ್ಬರೂ ತಿಂದು, ಎಲೆಯಲ್ಲಿ ಊಟ ಸುತ್ತುವ ಜನರೆಲ್ಲ ಒಂದೇ ಎಂದು ತೀರ್ಮಾನಿಸಿದೆವು. ಬೇಲಿಯ ಒಂದು ಹಲಗೆ ಸಡಿಲವಾಗಿದೆ. ಅದನ್ನು ಎರಡೂ ಮನೆಯವರು ಬೇಕೆಂದೇ ರಿಪೇರಿ ಮಾಡಿಸಿಲ್ಲ.

ಆ ಸಡಿಲ ಹಲಗೆಯ ಸಂದಿಯಿಂದಲೇ, ಅವರು ಟೊಮೆಟೊ ಗಿಡಕ್ಕೆ ಕೋಲು ಕಟ್ಟುತ್ತಾ, ನಾನು ಬಟ್ಟೆ ಒಣಗಿಸುತ್ತಾ, ಅವರ ಕಥೆ ತುಂಡು ತುಂಡಾಗಿ ನನಗೆ ಸಿಕ್ಕಿತು. ಹಿಕ್ಮೆತ್ ರಾಯರು ತಮ್ಮ ಕಾಲದಲ್ಲಿ ದೊಡ್ಡ ದೊಡ್ಡ ತಂಡಗಳಿಗೆ ಆಡಿದ ಡಿಫೆಂಡರ್, ಅಂದರೆ ಗೋಲಿನ ಮುಂದೆ ನಿಂತು ಎದುರಾಳಿಯನ್ನು ತಡೆಯುವವರು. ಕಪ್ಪು ಸಮುದ್ರದ ದಂಡೆಯ ಊರಿನಲ್ಲಿ ಬಲಗಡೆಯ ಡಿಫೆಂಡರ್ ಆಗಿ ಶುರು ಮಾಡಿದ್ದರು. ಎಡಗಡೆಯವನು ಮದುವೆಗೆಂದು ರಜೆ ಹಾಕಿದ. ‘ಯಾರು ಹೋಗುತ್ತೀರಿ ಎಡಕ್ಕೆ?’ ಎಂದು ಕೋಚ್ ಕೇಳಿದಾಗ ಇವರ ಕೈ ತಾನಾಗಿ ಎದ್ದಿತು. ಮದುಮಗ ಹಿಂದಿರುಗುವಷ್ಟರಲ್ಲಿ ನಡುವಿನವನ ಮಂಡಿ ಕೆಟ್ಟಿತ್ತು. ಮತ್ತೆ ಕೈ ಎದ್ದಿತು. ದೊಡ್ಡ ಶಹರದ ತಂಡಕ್ಕೆ ಹೋದರೆ ಅಲ್ಲಿ ಮಿಡ್‌ಫೀಲ್ಡಿನಲ್ಲಿ ಜನ ಕಡಿಮೆ. ಒಮ್ಮೆ ರೆಫ್ರಿ ಗೋಲ್‌ಕೀಪರನನ್ನೇ ಹೊರಗೆ ಕಳಿಸಿದಾಗ, ಅವನ ಬೆವರಿನ ಗ್ಲವ್ಸ್ ಹಾಕಿಕೊಂಡು ಗೋಲಿನಲ್ಲಿ ನಿಂತವರೂ ಇವರೇ. ಪತ್ರಿಕೆಗಳು ಇವರ ಬಗ್ಗೆ ಬರೆದದ್ದು ಯಾವಾಗಲೂ ಒಂದೇ ಮಾತಂತೆ: ‘ಹಿಕ್ಮೆತ್ ಎಲ್ಲಿ ಹಾಕಿದರೂ ಆಡುತ್ತಾರೆ.’

“ದೇಶದ ತಂಡಕ್ಕೂ ಕರೆದರು,” ಎಂದರು ಒಂದು ದಿನ. ಅವರ ಇಂಗ್ಲಿಷಿನಲ್ಲಿ ಪ್ರತಿ ವಾಕ್ಯಕ್ಕೂ ನಾಲ್ಕು ಪದಗಳ ಮಿತಿ ಇದೆ.

“ಅಯ್ಯೋ, ಹೌದಾ! ಆಡಿದಿರಾ?”

“ಬೆಂಚಿನಲ್ಲಿ ಕೂತೆ. ನಾನಿದ್ದರೆ ಎಲ್ಲರಿಗೂ ಧೈರ್ಯ. ಯಾರು ಬಿದ್ದರೂ ಹಿಕ್ಮೆತ್. ಆ ದಿನ ಯಾರೂ ಬೀಳಲಿಲ್ಲ.”

ಹನ್ನೊಂದು ಜನರೂ ಆ ದಿನ ಗುಂಡುಕಲ್ಲಿನ ಹಾಗೆ ಗಟ್ಟಿಯಾಗಿದ್ದರಂತೆ. ಒಬ್ಬನಿಗಾದರೂ ಸಣ್ಣ ಸ್ನಾಯು ಹಿಡಿಯಬಾರದಿತ್ತೆ ಎಂದು ನಾನು ಆ ಅಪರಿಚಿತರ ಮೇಲೆ ಮನಸ್ಸಿನಲ್ಲೇ ಸಿಟ್ಟಾದೆ. ಸೆವಿಮ್ ಒಳಗಿನಿಂದಲೇ ಕೂಗಿ ಹೇಳಿದರು, “ಮನೆಯಲ್ಲಿ ಮಾತ್ರ ಇವರದ್ದು ಒಂದೇ ಪೊಸಿಷನ್. ಸೋಫಾ.” ಹಿಕ್ಮೆತ್ ರಾಯರು ನಗಲಿಲ್ಲ. ಟೊಮೆಟೊ ಗಿಡದ ಗಂಟನ್ನು ಬಿಗಿದು, ನನ್ನ ಕಡೆ ನೋಡಿ, “ಶಾಲಿನಿ ಹಾನಿಮ್, ಎಲ್ಲ ಜಾಗಕ್ಕೂ ಆಗುವವನಿಗೆ ಜಾಗವಿಲ್ಲ,” ಎಂದರು.

ಕೈಯಲ್ಲಿದ್ದ ಒದ್ದೆ ಟವೆಲ್ಲು ಕೈಯಲ್ಲೇ ಉಳಿಯಿತು. ಆ ಮಧ್ಯಾಹ್ನವೇ ಗೀತಕ್ಕನಿಗೆ ಫೋನ್ ಮಾಡಿ, “ನನಗೆ ಲೆಫ್ಟ್ ಬ್ಯಾಕ್ ಬೇಕು. ಎಡಗಡೆಯ ಡಿಫೆನ್ಸು. ಅದೊಂದೇ. ಇನ್ನು ಮೇಲೆ ಬೇರೆಲ್ಲಿಯೂ ಆಡುವುದಿಲ್ಲ,” ಎಂದೆ. ಮಾತಿನ ಕೊನೆಯಲ್ಲಿ ಅಭ್ಯಾಸಬಲದಿಂದ “ಪ್ಲೀಸ್” ಎಂದೂ ಸೇರಿಸಿದೆನೆಂದು ಕಾಣುತ್ತದೆ.

ಗೀತಕ್ಕ ದನಿ ತಗ್ಗಿಸಿದರು. ಅವರು ದನಿ ತಗ್ಗಿಸುವುದು ಅಪಶಕುನ. “ಕೊಡ್ತೀನವಾ ಶಾಲಿನಿ. ಆದ್ರ ಒಂದ್ ಮಾತು. ನೀ ಕಾಲ್ ಮುಟ್ಟೂದು ಬಿಡಬೇಕು. ಬರೋ ಪಂಜಾಬಿ ಮ್ಯಾಚಿನ್ಯಾಗ ಒಮ್ಮೆನೂ ಬಗ್ಗದ ಆಡಿದಿ ಅಂದ್ರ ಲೆಫ್ಟ್ ಬ್ಯಾಕ್ ನಿಂದ, ಕಾಯಂ. ಬಗ್ಗಿದಿ ಅಂದ್ರ ಮತ್ತ ಸಿಕ್ಕಲ್ಲಿ ನಿಂದ್ರೂದು. ಏನಂತಿ?”

ಇಲ್ಲಿ ನನ್ನ ರೋಗದ ವಿಷಯ ಹೇಳಬೇಕು. ಯಾರಿಗಾದರೂ ಕಾಲು ತಾಗಿದರೆ ನಾವು ಏನು ಮಾಡುತ್ತೇವೆ? ಬಗ್ಗಿ, ಅವರನ್ನು ಮುಟ್ಟಿ, ಕೈಯನ್ನು ಕಣ್ಣಿಗೆ ಒತ್ತಿಕೊಳ್ಳುತ್ತೇವೆ. ನಮ್ಮ ಮನೆಯಲ್ಲಿ ಅಜ್ಜಿ ಇದನ್ನು ಹಾಲುಹಲ್ಲಿನ ಜೊತೆಗೇ ಬರಿಸಿದ್ದರು. ಪುಸ್ತಕಕ್ಕೆ, ಪೊರಕೆಗೆ, ಅಕ್ಕಿ ಚೀಲಕ್ಕೆ, ತಂಗಿಗೆ, ಎಲ್ಲಕ್ಕೂ ಇದೇ ಶಾಸ್ತ್ರ. ಬಸ್ಸಿನಲ್ಲಿ, ಲಿಫ್ಟಿನಲ್ಲಿ ಇದರಿಂದ ಯಾರಿಗೂ ನಷ್ಟವಿಲ್ಲ. ಆದರೆ ಫುಟ್‌ಬಾಲ್ ಎಂಬ ಆಟದಲ್ಲಿ ಕಾಲಿಗೆ ಕಾಲು ತಾಗುವುದು ಅಪರೂಪದ ಸಂಗತಿಯಲ್ಲ. ನಾನು ತಡೆಯಲು ಹೋಗುತ್ತೇನೆ, ಆಕೆಯ ಕಣಕಾಲಿಗೆ ನನ್ನ ಕಾಲು ತಾಗುತ್ತದೆ, ನಾನು ಬಗ್ಗಿ ಮುಟ್ಟಿ ಕಣ್ಣಿಗೆ ಒತ್ತಿಕೊಂಡು ತಲೆ ಎತ್ತುವಷ್ಟರಲ್ಲಿ ಅತ್ತ ಗೋಲಾಗಿ ಎಲ್ಲರೂ ಅಪ್ಪಿಕೊಳ್ಳುತ್ತಿರುತ್ತಾರೆ. ಒಮ್ಮೆಯಂತೂ ಚೆಂಡಿಗೇ ಹೀಗೆ ಮಾಡಿ, ಕೈ ತಾಗಿಸಿದ ತಪ್ಪಿಗೆ ಪೆನಾಲ್ಟಿ ಕೊಡಿಸಿದ್ದೆ. ರೆಫ್ರಿಯಾಗಿದ್ದ ಜಮೈಕಾದ ಹುಡುಗಿ, “ಮ್ಯಾಮ್, ಆರ್ ಯೂ ಓಕೆ?” ಎಂದು ನೀರು ತಂದುಕೊಟ್ಟಿದ್ದಳು.

“ಒಪ್ಪಿದೆ,” ಎಂದೆ ಗೀತಕ್ಕನಿಗೆ. ಈ ಸಲ ಪ್ಲೀಸ್ ಸೇರಿಸಲಿಲ್ಲ.

ಹಿಕ್ಮೆತ್ ರಾಯರಿಗೆ ಸಮಸ್ಯೆ ವಿವರಿಸಿದಾಗ ಅವರು ನಗುತ್ತಾರೆಂದುಕೊಂಡಿದ್ದೆ. ಅವರು ಗಂಭೀರವಾಗಿ ತಲೆಯಾಡಿಸಿ, ತಮ್ಮಲ್ಲಿಯೂ ಹಿರಿಯರ ಕೈಗೆ ಮುತ್ತಿಟ್ಟು ಹಣೆಗೆ ಒತ್ತಿಕೊಳ್ಳುವ ಪದ್ಧತಿ ಇದೆಯೆಂದೂ, ಒಮ್ಮೆ ಎದುರಾಳಿ ತಂಡದ ಕೋಚ್ ತಮ್ಮ ಹಳೆಯ ಮೇಷ್ಟ್ರೆಂದು ಕಂಡು ತಾವು ಆಟದ ನಡುವೆ ಗೆರೆ ದಾಟಿ ಹೋಗಿ ಕೈಗೆ ಮುತ್ತಿಟ್ಟು ಬಂದದ್ದುಂಟೆಂದೂ ಹೇಳಿದರು. “ಗೋಲಾಯಿತಾ?” ಎಂದೆ ಆಸೆಯಿಂದ. “ಇಲ್ಲ. ಚೆಂಡು ಹೊರಗಿತ್ತು. ಚೆಂಡು ಹೊರಗಿದ್ದಾಗ ಮರ್ಯಾದೆ. ಒಳಗಿದ್ದಾಗ ಚೆಂಡು.” ಇದನ್ನು ಫ್ರಿಜ್ಜಿನ ಮೇಲೆ ಬರೆದು ಅಂಟಿಸಬೇಕೆನಿಸಿತು.

ತರಬೇತಿ ಶುರುವಾಯಿತು. ಡಿಫೆಂಡರ್ ಆದವಳು ಹಿಂದಕ್ಕೆ ಓಡಲು ಕಲಿಯಬೇಕು ಎಂದರು. ವಾರಾಂತ್ಯಗಳಲ್ಲಿ ಪೋರ್ಟ್ ಕ್ರೆಡಿಟ್‌ನ ಕೆರೆಯಂಚಿನ ದಾರಿಯಲ್ಲಿ, ಎಲ್ಲರೂ ಐಸ್‌ಕ್ರೀಮ್ ನೆಕ್ಕುತ್ತ ಮುಂದಕ್ಕೆ ನಡೆಯುತ್ತಿದ್ದರೆ, ನಾನು ಹಿಂದಕ್ಕೆ ನಡೆದೆ. ಹಿಕ್ಮೆತ್ ರಾಯರು ಕೈ ಬೆನ್ನಿಗೆ ಕಟ್ಟಿಕೊಂಡು ನನ್ನೆದುರು ನಿಧಾನವಾಗಿ ನಡೆದು ಬರುತ್ತಿದ್ದರು. ದೂರದಿಂದ ನೋಡಿದವರಿಗೆ, ಯಾರೋ ಒಬ್ಬ ಮುದುಕರು ಒಬ್ಬ ಹೆಂಗಸನ್ನು ಬಹಳ ಸಾವಕಾಶವಾಗಿ ಕೆರೆಗೆ ದೂಡುತ್ತಿದ್ದಾರೆ ಎಂದೇ ಅನ್ನಿಸಿರಬೇಕು. ಮೊದಲ ದಿನ ಬೆಂಚಿನ ಮೇಲಿದ್ದ ಚೀನೀ ಅಜ್ಜ ಅಜ್ಜಿಯರ ಕಾಲು ತುಳಿದು, ಇಬ್ಬರನ್ನೂ ಮುಟ್ಟಿ ಕಣ್ಣಿಗೆ ಒತ್ತಿಕೊಂಡೆ. ಹಿಕ್ಮೆತ್ ರಾಯರು ಆಕಾಶ ನೋಡಿದರು.

ಮನೆಯ ತರಬೇತಿ ಇದಕ್ಕಿಂತ ಕಷ್ಟದ್ದು. ಬೇಕೆಂದೇ ಒಬ್ಬರಿಗೆ ಕಾಲು ತಾಗಿಸಿ, ಬಗ್ಗದೆ, ಸಾರಿ ಹೇಳದೆ ಮುಂದೆ ಹೋಗಬೇಕು, ದಿನಾಲೂ, ಕಾಲು ಮರೆಯುವ ತನಕ. ಆ ಒಬ್ಬರು ಯಾರೆಂದು ಬೇರೆ ಹೇಳಬೇಕಾಗಿಲ್ಲ. ನಮ್ಮವರು ಬೋಲ್ಟನ್ನಿನ ಗೋದಾಮಿನಲ್ಲಿ ಇಡೀ ದಿನ ಪೆಟ್ಟಿಗೆಗಳ ಲೆಕ್ಕ ನೋಡಿ ಮನೆಗೆ ಬಂದು ಶೂ ಬಿಚ್ಚುತ್ತಿದ್ದ ಹಾಗೆ ನಾನು ಹೋಗಿ ಕಣಕಾಲಿಗೊಂದು ಕೊಟ್ಟು ಅಡುಗೆಮನೆಗೆ ನಡೆಯುತ್ತಿದ್ದೆ.

“ಎಂತ ಮಾರಾಯ್ತಿ, ಇಷ್ಟು ವರ್ಷ ಬಾಯಲ್ಲಿ ಮಾತ್ರ ಇತ್ತು. ಈಗ ಕಾಲಲ್ಲೂ ಶುರುವಾ?”

“ಮಾತಾಡಿಸ್ಬೇಡಿ. ನನಗೆ ಈಗ ತುಂಬಾ ಸಂಕಟ ಆಗ್ತಾ ಉಂಟು.”

“ಒದೆ ತಿಂದದ್ದು ನಾನು, ಸಂಕಟ ನಿನಗಾ?”

ನಿಜವಾಗಿಯೂ ಸಂಕಟವಾಗುತ್ತಿತ್ತು. ಕೈಗಳು ತುರಿಸುತ್ತಿದ್ದವು. ಸಿಂಕಿನ ಅಂಚನ್ನು ಗಟ್ಟಿಯಾಗಿ ಹಿಡಿದುಕೊಂಡು ನಿಲ್ಲುತ್ತಿದ್ದೆ. ಮೊದಮೊದಲು ಅವರು ಊಟದ ಹೊತ್ತಿಗೆ ಮೆಲ್ಲಗೆ ಕಾಲು ಚಾಚಿ ನೆನಪಿಸುತ್ತಿದ್ದರು, “ಬಾಕಿ ಉಂಟು ನಿನ್ನದು, ನಮಸ್ಕಾರ.” ಮಗಳು ಸಿಂಚನಾ ತನ್ನ ಫೋನಿನಿಂದ ಕಣ್ಣು ಕೀಳದೆ, “ಅಮ್ಮಾ, ದಿಸ್ ಈಸ್ ಲಿಟ್ರಲಿ ಅಸಾಲ್ಟ್,” ಎನ್ನುತ್ತಿದ್ದಳು. ಒಂದು ಭಾನುವಾರ ಅತ್ತೆ ಉಡುಪಿಯಿಂದ ವಿಡಿಯೋ ಕಾಲಿನಲ್ಲಿರುವಾಗ, ಫೋನು ಟೇಬಲ್ಲಿಗೆ ಒರಗಿಸಿದ್ದು ತಿಳಿಯದೆ ನಾನು ನನ್ನ ದಿನದ ಪಾಠ ಮುಗಿಸಿ ಹೋದೆ.

“ಎಂತ ಅದು?” ಎಂದಿತು ಫೋನು. “ಶಾಲಿನಿ ನಿನಗೆ ಒದ್ದದ್ದಾ ಈಗ?”

“ಅದು ಕೋಚಿಂಗ್ ಅಮ್ಮಾ,” ಎಂದರು ನಮ್ಮವರು ಕಾಲು ಉಜ್ಜಿಕೊಳ್ಳುತ್ತಾ.

“ಕೆನಡಾದಲ್ಲಿ ಅದಕ್ಕೂ ಕೋಚಿಂಗ್ ಉಂಟಾ!” ಅತ್ತೆಯ ದನಿಯಲ್ಲಿ ಇದ್ದದ್ದು ಕೋಪವಲ್ಲ, ನಮ್ಮ ಕಾಲದಲ್ಲಿ ಇಂಥದ್ದೆಲ್ಲ ಇರಲಿಲ್ಲವಲ್ಲ ಎಂಬ ವ್ಯಥೆ ಎಂದು ನನಗೆ ಇಂದಿಗೂ ಗುಮಾನಿ.

ಪಂದ್ಯದ ದಿನ ಬಂತು. ಬ್ರ್ಯಾಂಪ್ಟನ್ನಿನ ಒಂದು ಪಾರ್ಕಿನ ಮೈದಾನ. ಅಂಚಿನಲ್ಲಿ ಒಂದು ಕಡೆ ನಮ್ಮ ಬಳಗದ ಚುರುಮುರಿ, ಇನ್ನೊಂದು ಕಡೆ ಅವರ ಸಮೋಸ, ನಡುವೆ ಎರಡಕ್ಕೂ ಸಮಾನ ದೂರದಲ್ಲಿ ಮಡಚುವ ಕುರ್ಚಿ ಹಾಕಿ ಕೂತ ಹಿಕ್ಮೆತ್ ರಾಯರು. ಓಡುವಾಗ ಕೂದಲು ಮುಖಕ್ಕೆ ಬರದಿರಲೆಂದು ಸಿಂಚನಾ ತನ್ನ ಹೇರ್‌ಬ್ಯಾಂಡನ್ನು ನನ್ನ ಹಣೆಯ ಮೇಲಕ್ಕೆ ಎಳೆದು ಕೂರಿಸಿದಳು. ನಾನು ಎಡಗಡೆ ನಿಂತೆ. ನನ್ನ ಜಾಗ. ಅಲ್ಲಿ ಹುಲ್ಲು ಸ್ವಲ್ಪ ಬೋಳಾಗಿತ್ತು, ಒಂದು ಹಳದಿ ಹೂವಿನ ಕಳೆ ಇತ್ತು. ಇದು ನನ್ನ ಬೋಳು, ಇದು ನನ್ನ ಕಳೆ ಎಂದುಕೊಂಡೆ.

ಮೊದಲರ್ಧ ನನ್ನ ಬಾಳಿನ ಸುವರ್ಣಯುಗ. ಹಿಂದಕ್ಕೆ ಓಡಿದೆ, ಅಡ್ಡ ಬಂದೆ, ಚೆಂಡನ್ನು ದೂರಕ್ಕೆ ಅಟ್ಟಿದೆ. ಕಾಲಿಗೆ ಕಾಲು ತಾಗಿತು. ಒಂದು ಸಲವಲ್ಲ, ಅನೇಕ ಸಲ. ಪ್ರತಿ ಸಲವೂ ಬೆನ್ನಿನಲ್ಲಿ ಒಂದು ಸ್ಪ್ರಿಂಗು ಕೆಳಗೆಳೆಯುತ್ತಿತ್ತು. ಮುಷ್ಟಿ ಬಿಗಿದು, ಗದ್ದ ಎತ್ತಿ, ನೆಟ್ಟಗೆ ನಿಂತೆ. ಬೆನ್ನು ನೆಟ್ಟಗಿರಬೇಕೆಂದು ಸಿಸ್ಟರುಗಳು ಸ್ಕೇಲಿನಿಂದ ತಟ್ಟಿದ್ದು ಈಗ ಉಪಯೋಗಕ್ಕೆ ಬಂತು. ನಮ್ಮ ಕಡೆಯ ಅಶ್ವಿನಿ ಅದು ಹೇಗೋ ಒಂದು ಗೋಲು ಹೊಡೆದಳು. ಹೊಡೆದವಳಿಗೇ ನಂಬಿಕೆ ಬರದೆ, ರೆಫ್ರಿಯ ಬಳಿ ಎರಡು ಸಲ ಕೇಳಿ ಖಚಿತಪಡಿಸಿಕೊಂಡಳು.

ವಿರಾಮದಲ್ಲಿ ನಮ್ಮ ಗೋಲ್‌ಕೀಪರ್ ಪ್ರತಿಮಾ ಮಣಿಕಟ್ಟು ಹಿಡಿದುಕೊಂಡು ಕೂತುಬಿಟ್ಟಳು. “ಆಗಂಗಿಲ್ಲರೀ.” ಗೀತಕ್ಕ ಸುತ್ತ ನೋಡಿದರು. “ಯಾರ್ ನಿಂದ್ರತೀರಿ ಗೋಲಿನ್ಯಾಗ?” ಆರು ಜೊತೆ ಕಣ್ಣುಗಳು, ಗೀತಕ್ಕನವೂ ಸೇರಿ, ಸೂರ್ಯಕಾಂತಿ ಹೂಗಳ ಹಾಗೆ ನನ್ನ ಕಡೆ ತಿರುಗಿದವು. ನನ್ನ ಬಲಗೈ ತಾನಾಗಿ ಮೇಲೇಳತೊಡಗಿತು. ಕುರ್ಚಿಯ ಕಡೆ ನೋಡಿದೆ. ಹಿಕ್ಮೆತ್ ರಾಯರು ತಮ್ಮ ಎರಡೂ ಕೈಗಳ ಮೇಲೆ ಕೂತುಕೊಂಡಿದ್ದರು! ನನಗಾಗಿ ಹಾಗೆ ಕೂತರೋ, ಪ್ರಶ್ನೆ ಕೇಳಿದೊಡನೆ ತಮ್ಮ ಕೈಯೂ ಎದ್ದೀತೆಂಬ ಭಯಕ್ಕೋ, ತಿಳಿಯದು.

“ಇಲ್ಲ ಗೀತಕ್ಕ,” ಎಂದೆ. “ನಾನು ಲೆಫ್ಟ್ ಬ್ಯಾಕ್.”

ಗೀತಕ್ಕ ನನ್ನನ್ನು ಅಡಿಯಿಂದ ಮುಡಿಯವರೆಗೆ ಹೊಸದಾಗಿ ನೋಡಿ, “ಅಬಾಬಾ, ನಾಲಿಗಿ ಬಂತಲ್ಲ ಹುಡುಗಿಗೆ,” ಎನ್ನುತ್ತಾ ಗ್ಲವ್ಸನ್ನು ತಾವೇ ಹಾಕಿಕೊಂಡು ಗೋಲಿಗೆ ನಡೆದರು.

ಆಟ ಮುಗಿಯುತ್ತ ಬಂದಿತ್ತು. ಒಂದು ಗೋಲು ನಮ್ಮದು, ಅವರದು ಸೊನ್ನೆ. ಆಗ ಅವರ ಕಡೆಯ ಹೊಸ ಹುಡುಗಿ, ಉದ್ದ ಜಡೆಯವಳು, ಚೆಂಡನ್ನು ಕಾಲಿಗೆ ಅಂಟಿಸಿಕೊಂಡವಳಂತೆ ನನ್ನ ಕಡೆ ಬಂದಳು. ನಾನು ಹಿಂದಕ್ಕೆ, ಹಿಂದಕ್ಕೆ, ಹಿಂದಕ್ಕೆ. ಇನ್ನು ಹಿಂದಕ್ಕೆ ಹೋದರೆ ಗೀತಕ್ಕನ ಮಡಿಲು ಎನ್ನುವಲ್ಲಿ ಕಾಲು ಚಾಚಿದೆ. ಚೆಂಡು ಸಿಕ್ಕಿತು. ಜೊತೆಗೆ ಅವಳ ಶೂ ನನ್ನ ಕಣಕಾಲಿಗೆ ಢೀ ಎಂದಿತು. ನಾನು ಬಗ್ಗಲಿಲ್ಲ. ಓದುಗರು ದಯವಿಟ್ಟು ಗಮನಿಸಬೇಕು, ನಾನು ಬಗ್ಗಲಿಲ್ಲ. ಚೆಂಡು ನನ್ನ ಪಾದದ ಬಳಿ, ಒಂದು ಒದೆಗೆ ಕಾದು ಕೂತಿತ್ತು.

ಬಗ್ಗಿದವಳು ಅವಳು. ನನ್ನ ಮುಖ ನೋಡಿದಳು, ಹೇರ್‌ಬ್ಯಾಂಡು ಹಿಂದಕ್ಕೆಳೆದದ್ದರಿಂದ ಬಣ್ಣದ ಬುಡದಲ್ಲಿ ಬಯಲಾಗಿದ್ದ ನನ್ನ ನೆರೆಗೂದಲು ನೋಡಿದಳು, “ಹಾಯ್ ರಬ್ಬಾ, ಸಾರಿ ಆಂಟಿ ಜೀ!” ಎಂದು ಅಲ್ಲೇ ಬಗ್ಗಿ ನನ್ನ ಎರಡೂ ಪಾದ ಮುಟ್ಟಿದಳು.

ಈ ಪಾಠ ನಮ್ಮ ತರಬೇತಿಯಲ್ಲಿ ಇರಲಿಲ್ಲ. ಕಾಲು ಮುಟ್ಟಬಾರದೆಂದು ಕಲಿತಿದ್ದೆ. ಮುಟ್ಟಿದವರನ್ನು ಹಾಗೆಯೇ ಬಿಟ್ಟು ಹೋಗುವುದು ಹೇಗೆಂದು ಯಾರೂ ಕಲಿಸಿರಲಿಲ್ಲ. ಕಾಲಿಗೆ ಬಿದ್ದ ಹೆಣ್ಣುಮಗಳ ತಲೆಯ ಮೇಲೆ ಕೈಯಿಡದೆ ಚೆಂಡು ಒದೆಯುವುದೆ? ನನ್ನ ಬಲಗೈ ಹೋಗಿ ಅವಳ ಜಡೆಯ ಬುಡದಲ್ಲಿ ನಿಂತಿತು. “ನೂರು ಕಾಲ ಚೆನ್ನಾಗಿ ಬಾಳಮ್ಮ,” ಎಂದೆ. ಅವಳಿಗೆ ಅರ್ಥವಾಗಲಿಕ್ಕಿಲ್ಲವೆಂದು, “ಖುಷ್ ರಹೋ ಬೇಟಾ,” ಎಂದು ಹಿಂದಿಯಲ್ಲೂ ಹೇಳಿದೆ. ಆ ಎರಡನೇ ಭಾಷೆ ಬೇಡವಿತ್ತು. ಅಷ್ಟರಲ್ಲಿ ಅವಳ ಹಿಂದಿನಿಂದ ಬಂದ ಇನ್ನೊಬ್ಬಳು, ಇಂಥ ಸಂಸ್ಕಾರದ ಗಂಧಗಾಳಿ ಇಲ್ಲದವಳು, ನನ್ನ ಪಾದದ ಬಳಿಯ ಚೆಂಡನ್ನು ತಟ್ಟಿಕೊಂಡು ಹೋಗಿ ಗೋಲಿಗೆ ಹಾಕಿದಳು. ಗೀತಕ್ಕ ಹಾರಿದರು, ಚೆಂಡು ಹೋದ ಕಡೆಯಲ್ಲ, ಇನ್ನೊಂದು ಕಡೆ.

ಪಂದ್ಯ ಸಮವಾಗಿ ಮುಗಿಯಿತು. ಯಾವಾಗಲೂ ಸೋಲುತ್ತಿದ್ದವರು ನಾವು, ಆದ್ದರಿಂದ ನಮ್ಮ ಕಡೆಯವರೆಲ್ಲ ಗೆದ್ದವರಂತೆ ಕುಣಿದರು. ನಾನು ಮಾತ್ರ ನನ್ನ ಬೋಳು ನೆಲದ ಮೇಲೆ ನಿಂತು, ಹೋಯಿತು, ಇನ್ನು ಸಿಕ್ಕಲ್ಲಿ ನಿಲ್ಲುವುದೇ ಗತಿ ಎಂದುಕೊಳ್ಳುತ್ತಿದ್ದೆ. ಗೀತಕ್ಕ ಮೊಣಕೈಯ ಮಣ್ಣು ಒರೆಸಿಕೊಳ್ಳುತ್ತ ಬಂದರು.

“ಏನವಾ, ಉಡಿ ಒಂದು ತುಂಬೂದಿತ್ತಲ್ಲ ಆ ಹುಡುಗಿಗೆ, ಯಾಕ ಬಿಟ್ಟಿ?”

“ಆದರೆ ನಾನು ಬಗ್ಗಲಿಲ್ಲ ಗೀತಕ್ಕ. ಮಾತು ಇದ್ದದ್ದು ಬಗ್ಗುವುದರ ಬಗ್ಗೆ.” ನನ್ನ ದನಿ ನನಗೇ ಗುರುತು ಸಿಗದಷ್ಟು ಗಟ್ಟಿಯಾಗಿತ್ತು. “ಲೆಫ್ಟ್ ಬ್ಯಾಕ್ ನಂದೇ. ನಾನು ಬಿಡುವುದಿಲ್ಲ.”

ಗೀತಕ್ಕ ನನ್ನನ್ನು ನೋಡಿದರು. ಆಮೇಲೆ ಕುರ್ಚಿಯ ಕಡೆ ತಿರುಗಿ, “ಕೋಚ್, ವಾಟ್ ಟು ಡು ವಿತ್ ದಿಸ್ ವನ್?” ಎಂದು ಕೂಗಿದರು. ಹಿಕ್ಮೆತ್ ರಾಯರು ಕಣ್ಣೊರೆಸಿಕೊಳ್ಳುತ್ತಿದ್ದರು. ನಕ್ಕು ನಕ್ಕು ಅವರ ಮೀಸೆಯೆಲ್ಲ ಒದ್ದೆ. “ಎಷ್ಟೋ ಫಾರ್ವರ್ಡುಗಳನ್ನು ತಡೆದಿದ್ದೇನೆ. ನನ್ನನ್ನು ತಳ್ಳಿದರು. ಬೈದರು. ಉಗಿದರು,” ಎಂದರು. “ಕಾಲಿಗೆ ಯಾರೂ ಬೀಳಲಿಲ್ಲ.”

ಗೀತಕ್ಕನ ಮುಖದಲ್ಲಿ ಟ್ರಕ್ಕಿಗೆ ಹೊಸ ದಾರಿ ಹೊಳೆದಾಗ ಬರುವ ಬೆಳಕು ಬಂತು. “ಹೌದಲ್ಲ! ಓಡೂ ಹುಡುಗಿ ಇಕೀ ಮಾರಿ ನೋಡಿ ನಿಂತ್ಲು! ಶಾಲಿನಿ, ನೀ ಕಾಯಂ ಅಲ್ಲೇ ನಿಂದ್ರು. ಆಶೀರ್ವಾದ ಬಾಯಿಲೆ ಮಾಡು, ಕಾಲಿಲೆ ಚೆಂಡ್ ಹೊಡಿ. ಎರಡೂ ಒಮ್ಮೆಲೆ ಬರೋಹಂಗ ಪ್ರ್ಯಾಕ್ಟೀಸ್ ಮಾಡು. ಗೊತ್ತಾತಿಲ್ಲೋ?”

ಹೀಗೆ ನನಗೊಂದು ಜಾಗ ಸಿಕ್ಕಿತು. ಓಟಕ್ಕಲ್ಲ, ಒದೆತಕ್ಕಲ್ಲ, ಮುಖ ನೋಡಿದೊಡನೆ ಹಿರಿಯಳೆನಿಸುವ ಯೋಗ್ಯತೆಗೆ. ಸಂಜೆ ಕನ್ನಡಿಯ ಮುಂದೆ ನಿಂತು ಇದನ್ನು ಅವಮಾನವೆಂದು ತಿಳಿಯಬೇಕೋ ಬಹುಮಾನವೆಂದು ತಿಳಿಯಬೇಕೋ ಎಂದು ಬಹಳ ಹೊತ್ತು ಯೋಚಿಸಿದೆ. ಈಗ ನಮ್ಮವರು ಮನೆಗೆ ಬಂದು ಶೂ ಬಿಚ್ಚುವ ಮೊದಲೇ ಬಗ್ಗಿ ನನ್ನ ಕಾಲು ಮುಟ್ಟುತ್ತಾರೆ, ನಾನು “ಸುಖವಾಗಿರಿ” ಎನ್ನುತ್ತಲೇ ಒಂದು ಚೆಂಡನ್ನು ಬೇಸ್‌ಮೆಂಟಿನ ಮೆಟ್ಟಿಲ ಕಡೆ ಒದೆಯುತ್ತೇನೆ. ಮಾತೂ ಕಾಲೂ ಈಗೀಗ ಹೊಂದಿಕೊಳ್ಳುತ್ತಿವೆ. ಮುಂದಿನ ತಿಂಗಳು ಗುಜರಾತಿ ಹೆಂಗಸರ ತಂಡದ ಜೊತೆ ಆಟವಿದೆ. ಅವರಲ್ಲಿಯೂ ಹಿರಿಯರೆಂದರೆ ಬಹಳ ಗೌರವವಂತೆ. ಕೂದಲಿಗೆ ಬಣ್ಣ ಹಚ್ಚುವ ವಾರ ಬಂದು ಹೋಯಿತು, ನಾನು ಹಚ್ಚಿಲ್ಲ.